ನಲವತ್ತಾರನೆಯ ಫಾರಂ

ಓದದ ಪುಸ್ತಕವನ್ನು ಓದಿದೆ ಎಂದು ಹೇಳುವುದು ಮಹಾಪಾಪವೇನೂ ಅಲ್ಲ. ಹಾಗೆ ಹೇಳಿದವರನ್ನೆಲ್ಲ ಶಿಕ್ಷಿಸುತ್ತ ಹೋದರೆ ಅರ್ಧ ಊರು ಖಾಲಿಯಾದೀತು. ಆದರೆ ಒಡಹುಟ್ಟಿದ ತಂಗಿ ಆರು ವರ್ಷ ಕೂತು ಬರೆದ ಪುಸ್ತಕದ ಬಗ್ಗೆ, "ಓದಿದೆ ಕಣೇ, ಚೆನ್ನಾಗಿದೆ" ಎಂದು ವರ್ಷಪೂರ್ತಿ ಹೇಳಿಕೊಂಡು ಬಂದರೆ ಅದಕ್ಕೆ ಬೇರೆಯೇ ಹೆಸರಿಡಬೇಕಾಗುತ್ತದೆ. ಗ್ರಂಥಾಲಯದ ಹಿಂಬದಿ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕುವ ಅಕ್ಕ ಮಾಡಿದ್ದು ಇದನ್ನೇ.

ತಂಗಿ ಶಾಲೆಯಲ್ಲಿ ಭೂಗೋಳದ ಟೀಚರು. ಇಲ್ಲದ ನದಿಗಳ ನಕ್ಷೆ ಬರೆಯುವ ಹುಚ್ಚು ಅವಳಿಗೆ ಚಿಕ್ಕಂದಿನಿಂದಲೂ ಇತ್ತು. ಆ ನದಿಗಳ ದಡದಲ್ಲಿ ರಾಜ್ಯ, ಸೇನೆ, ಮಾತಾಡುವ ಹಕ್ಕಿ ಎಲ್ಲ ಹುಟ್ಟಿಕೊಂಡು 'ಹನ್ನೆರಡು ದಡಗಳು' ಎಂಬ ಕಾದಂಬರಿಯಾಯಿತು. ಮೊದಲ ಸಂಪುಟವನ್ನು ಜನ ಮುಗಿಬಿದ್ದು ಓದಿದರು. ಎರಡನೆಯದು ಸಾವಿರದ ನೂರು ಪುಟ. ತಂಗಿ ಕೊಟ್ಟ ಪ್ರತಿಯನ್ನು ಅಕ್ಕ ಕೈಯಲ್ಲಿ ತೂಗಿ ನೋಡಿದಳು, ನಿಜಕ್ಕೂ ಹೆಮ್ಮೆಪಟ್ಟಳು, ಆಮೇಲೆ ಅಂಟು ಹಚ್ಚಿದ ರಟ್ಟುಗಳ ಮೇಲೆ ಭಾರಕ್ಕೆ ಇಟ್ಟಳು. ಅಷ್ಟು ಒಳ್ಳೆಯ ಭಾರ ಆ ಕೋಣೆಯಲ್ಲಿ ಇನ್ನೊಂದಿರಲಿಲ್ಲ. ದಿನವಿಡೀ ಪುಸ್ತಕಗಳ ಬೆನ್ನು ನೋಡುವವಳಿಗೆ ಸಂಜೆ ಅವುಗಳ ಹೊಟ್ಟೆ ನೋಡಲು ಮನಸ್ಸು ಬರುವುದಿಲ್ಲ, ಸರಿ. ಆದರೂ ಬೇರೆ ಯಾರೋ ಬರೆದಿದ್ದರೆ ನಾಲ್ಕು ಪುಟವಾದರೂ ತಿರುವುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಗ್ರಂಥಾಲಯದ ಗ್ರಂಥಪಾಲಕನನ್ನು ಎಲ್ಲರೂ ಕರೆಯುವುದು ಸದ್ದಪ್ಪ ಎಂದು. ಯಾರಾದರೂ ಕೆಮ್ಮಿದರೂ "ಸದ್ದು, ಸದ್ದು" ಎನ್ನುವವನು. ಅವನ ಮೇಜಿನ ಮೇಲೊಂದು ಅಭಿಪ್ರಾಯದ ಪುಸ್ತಕ. ಪುಸ್ತಕ ಹಿಂದಿರುಗಿಸುವವರು ಅದರಲ್ಲಿ ಎರಡು ಸಾಲು ಗೀಚಬೇಕು. ಅವರು ಓದಿದ್ದು ಎಷ್ಟನೆಯ ಪ್ರತಿ ಎಂದು ಸದ್ದಪ್ಪ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಾನೆ. ಆ ಕೆಂಪಂಕಿಯನ್ನು ಅಲ್ಲಿಯವರೆಗೆ ಯಾರೂ ಲೆಕ್ಕಕ್ಕಿಟ್ಟವರಲ್ಲ.

ಒಂದು ಮಂಗಳವಾರ ಮಧ್ಯಾಹ್ನ ತಂಗಿ ಆ ಅಭಿಪ್ರಾಯಗಳನ್ನೆಲ್ಲ ಹಾಳೆಯಲ್ಲಿ ನಕಲು ಮಾಡಿಕೊಂಡು ಹಿಂಬದಿ ಕೋಣೆಗೆ ಬಂದಳು. ಕೂರಲೂ ಇಲ್ಲ.

"ಕೇಳು. ಹಲ್ಲಿನ ಡಾಕ್ಟರು: 'ಕೆಳಗಿಡೋಕೆ ಆಗ್ಲಿಲ್ಲ, ಮೂರನೆಯದು ಯಾವಾಗ?' ಬಸ್ ಡ್ರೈವರು: 'ಗಾಡಿ ಇನ್ನೂರು ಪುಟ ಒಂದೇ ಗೇರಲ್ಲಿ ಓಡಿತು.' ಒಬ್ಬರು ನರ್ಸಮ್ಮ: 'ಸತ್ತ ಸೇನಾಪತಿ ಮತ್ತೆ ಊಟಕ್ಕೆ ಕೂತಿದ್ದಾನೆ. ನಲವತ್ತು ವರ್ಷ ಆಸ್ಪತ್ರೆಯಲ್ಲಿದ್ದೆ, ಹೀಗೆ ಎದ್ದವರನ್ನ ಕಂಡಿಲ್ಲ.' ಕಾಲೇಜಿನ ಮೇಷ್ಟ್ರು: 'ಕಾಲವನ್ನು ಬೇಕೆಂದೇ ಹಿಂದುಮುಂದು ಮಾಡಿರುವ ಧೈರ್ಯ ಮೆಚ್ಚತಕ್ಕದ್ದು.' ಸತ್ತವನು ಎದ್ದ ಅಂತ ಹೀಗೇ ಒಂಬತ್ತು ಜನ ಬರೆದಿದ್ದಾರೆ. ನಾನ್ಯಾವ ಧೈರ್ಯಾನೂ ಮಾಡಿಲ್ಲ ಅಕ್ಕ! ಸೇನಾಪತಿ ಸತ್ತ ಅಂತ ಕಣ್ಣಿಗೆ ಹೊಡೆಯೋ ಹಾಗೆ ಬರೆದಿದ್ದೀನಿ. ಮೂರು ಸಲ ತೆಗೆದು ನೋಡಿದೆ."

"ಜನ ಏನೇನೋ ಬರೀತಾರೆ ಬಿಡು. ನಾನು ಓದಿದೀನಲ್ಲ, ಚೆನ್ನಾಗಿದೆ."

"ನಿನಗೆ ಸೇನಾಪತಿ ಸತ್ತಿದ್ದು ಗೊತ್ತಾಯ್ತಾ?"

ಅಕ್ಕನಿಗೆ ಗೊತ್ತಿದ್ದದ್ದು ಸದ್ದಪ್ಪನ ಮೇಜಿನ ಬಳಿ ಕಿವಿಗೆ ಬಿದ್ದಷ್ಟೇ. "ಗೊತ್ತಾಗದೆ ಏನು? ಪಾಪ ಅನ್ನಿಸ್ತು. ಆಮೇಲೆ ಎದ್ದು ಬಂದ್ನಲ್ಲ, ಸಮಾಧಾನ ಆಯ್ತು."

ತಂಗಿ ಹಾಳೆಯನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು. "ನಿನಗೂ ಹಾಗೇ ಅನ್ನಿಸಿದ್ರೆ ಮುಗೀತು. ಅಂದ್ರೆ ನಾನು ಬರೆದಿದ್ದೇ ಗೋಜಲು. ಶನಿವಾರ ಹತ್ತು ಗಂಟೆಗೆ ಪ್ರಕಾಶಕರು ಮನೆಗೆ ಬರ್ತಾರೆ. ಮೂರನೇ ಸಂಪುಟ ಇಲ್ಲ ಅಂತ ಹೇಳಿಬಿಡ್ತೀನಿ."

ಅವಳು ಹೋದ ಮೇಲೆ ಅಕ್ಕ ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಪ್ರಯತ್ನಿಸಿ ಬಿಟ್ಟಳು. ಅವಳಿಗೆ ತನ್ನ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಎರಡು ಸಂಪುಟ ಸೇರಿ ತಂಗಿಯ ಹನ್ನೊಂದು ವರ್ಷದ ಕೆಲಸಕ್ಕೆ ಕೊನೆಯ ಮೊಳೆ ಹೊಡೆದದ್ದು ಓದದ ಪುಸ್ತಕದ ಬಗ್ಗೆ ತಾನಾಡಿದ ಒಂದು ಮಾತು. ಅವಳು ರಟ್ಟುಗಳ ಮೇಲಿಂದ ಆ ಪುಸ್ತಕವನ್ನು ಎತ್ತಿಕೊಂಡು, ಅದರ ರಟ್ಟಿಗೆ ಮೆತ್ತಿದ್ದ ಅಂಟನ್ನು ಉಗುರಿನಿಂದ ಕೆರೆದು, ಸದ್ದಪ್ಪನ ಮುಂದೆ ಹೋಗಿ ನಿಂತಳು.

"ನಾಳೆಯಿಂದ ಮೂರು ದಿನ ರಜ ಬೇಕು."

"ಹುಷಾರಿಲ್ವಾ?"

"ಓದೋದಿದೆ."

ಇಪ್ಪತ್ತು ವರ್ಷದಲ್ಲಿ ಬೈಂಡರಮ್ಮ ಹೀಗೆಂದದ್ದು ಇದೇ ಮೊದಲು. ಸದ್ದಪ್ಪ "ಸದ್ದು" ಎನ್ನುವುದನ್ನೂ ಮರೆತ.

ಬುಧವಾರ ಬೆಳಗ್ಗೆ ಎಂಟಕ್ಕೆ ಅವಳು ನಡುಮನೆಯ ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಗಡಿಯಾರ ರಿಪೇರಿ ಮಾಡುವ ಗಂಡ ಒಲೆಯ ಜವಾಬ್ದಾರಿ ಹೊತ್ತ. ಅವನು ಬೇಯಿಸಿದ್ದು ಹೇಗಿತ್ತೆಂದು ಅವಳು ಗಮನಿಸಲಿಲ್ಲ, ಅದು ಅವನಿಗೂ ಒಳ್ಳೆಯದೇ ಆಯಿತು. ಮೊದಲ ನೂರು ಪುಟ ಹೆಸರುಗಳು ತಲೆಯಲ್ಲಿ ನಿಲ್ಲದೆ ಗೋಳಾಡಿಸಿದವು. ಇನ್ನೂರರಿಂದ ನಾಲ್ಕುನೂರರವರೆಗೆ ಸೇನೆ ಕುದುರೆಯ ಮೇಲೆ ಹೋಗುತ್ತಲೇ ಇತ್ತು. ಅಕ್ಕ ಆಕಳಿಸಿದಳು, ತೂಕಡಿಸಿದಳು, ಬಸ್ ಡ್ರೈವರನನ್ನು ನೆನೆದು ತಲೆದೂಗಿದಳು. ಆದರೂ ಒಂದು ಹಾಳೆಯನ್ನೂ ಹಾರಿಸಲಿಲ್ಲ. ಹಾರಿಸಿದರೆ ಮತ್ತೆ ಸುಳ್ಳು ಹೇಳಬೇಕಾಗುತ್ತದೆ, ಅದಕ್ಕೆ ಅವಳು ತಯಾರಿರಲಿಲ್ಲ. ಗುರುವಾರ ಐನೂರು ದಾಟಿದ ಮೇಲೆ ಪುಸ್ತಕ ಅವಳನ್ನು ಹಿಡಿದುಕೊಂಡಿತು. ಶುಕ್ರವಾರ ಬೆಳಗ್ಗೆ ಸೇನಾಪತಿ ಯುದ್ಧದ ಹಿಂದಿನ ದಿನ ಸೈನಿಕರ ಜೊತೆ ಊಟಕ್ಕೆ ಕೂತ. ಮೂವತ್ತು ಪುಟ ಯುದ್ಧವಾಯಿತು, ಅವನು ಸತ್ತ. ಹೆಣ ಅವನ ತಾಯಿಯ ಮನೆಗೆ ಬಂತು. ಆ ಪುಟಗಳಲ್ಲಿ ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಒಲೆ ಆರಿಸಿ ಓಡಿ ಬಂದು, ವಿಷಯ ತಿಳಿದು, ಮತ್ತೆ ಒಲೆ ಹಚ್ಚಲು ವಾಪಸಾದ.

ಮಧ್ಯಾಹ್ನದ ಹೊತ್ತಿಗೆ ಪುಸ್ತಕ ಮುಗಿಯಿತು. ಸೇನಾಪತಿ ಎಲ್ಲೂ ಎದ್ದು ಬರಲಿಲ್ಲ.

ಹಾಗಾದರೆ ನರ್ಸಮ್ಮ ಕಂಡದ್ದೇನು? ಪ್ರಶ್ನೆ ಮೂಡಿದ ಕ್ಷಣವೇ ಅಕ್ಕನಿಗೆ ನೆನಪಾಯಿತು. ಗ್ರಂಥಾಲಯದ ಎರಡನೆಯ ಪ್ರತಿ, ದಪ್ಪಕ್ಕೆ ಬೆನ್ನು ಬಿರಿದು, ಮಳೆಗಾಲದ ಹೊತ್ತಿಗೆ ಹೊಲಿಗೆಗೆಂದು ಅವಳ ಕೈಗೇ ಬಂದಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎಂದಿರಲಿಲ್ಲ, ಆದರೂ ಅವಳು ಚಪ್ಪಲಿ ಮೆಟ್ಟಿ ಓಡಿದಳು.

ಮೊದಲು ಅಭಿಪ್ರಾಯದ ಪುಸ್ತಕ ತೆಗೆದು ಕೆಂಪಂಕಿಗಳ ಮೇಲೆ ಬೆರಳಾಡಿಸಿದಳು. ಹಲ್ಲಿನ ಡಾಕ್ಟರು, ಡ್ರೈವರು ಓದಿದ್ದು ಒಂದನೆಯ ಪ್ರತಿ. ಸೇನಾಪತಿ ಎದ್ದು ಬಂದನೆಂದ ಒಂಬತ್ತು ಮಂದಿಯೂ ಎರಡನೆಯದನ್ನೇ ಓದಿದವರು. ಧೈರ್ಯ ಮೆಚ್ಚಿದ ಮೇಷ್ಟ್ರೂ ಅವರಲ್ಲೊಬ್ಬರು.

ಎರಡನೆಯ ಪ್ರತಿ ಕಪಾಟಿನಲ್ಲೇ ಇತ್ತು. ಅಕ್ಕ ಅದರ ಬೆನ್ನಿನ ಬಟ್ಟೆಯನ್ನು ಚಾಕುವಿನಿಂದ ಸೀಳಿದಳು. ಹದಿನಾರು ಪುಟಗಳ ಒಂದೊಂದು ಮಡಿಕೆಗೆ ಅಚ್ಚಿನವರು ಫಾರಂ ಎನ್ನುತ್ತಾರೆ. ಪ್ರತಿ ಫಾರಮ್ಮಿನ ಬೆನ್ನಿಗೆ ಅದರ ಕ್ರಮದ ಅಂಕಿ ಇರುತ್ತದೆ. ಮಾಸಿದ ಅಚ್ಚಿನಲ್ಲಿ ೬ ಮತ್ತು ೯ ಅವಳಿ ಮಕ್ಕಳಿದ್ದ ಹಾಗೆ, ಬಾಲ ನೋಡಿಯೇ ಗುರುತು ಹಿಡಿಯಬೇಕು. ೪೬ ಇರಬೇಕಾದ ಕಡೆ ೪೯ ಕೂತಿತ್ತು, ೪೯ರ ಜಾಗದಲ್ಲಿ ೪೬. ಮೊದಲು ಹೆಣ, ಆಮೇಲೆ ಯುದ್ಧ, ಕೊನೆಗೆ ಊಟ. ಪುಟಸಂಖ್ಯೆ ನೋಡಿ ಓದುವವರಾದರೂ ಹಿಡಿಯುತ್ತಿದ್ದರೇನೋ. ಆದರೆ ಅವು ತೀರ ಅಂಚಿನಲ್ಲಿದ್ದು, ಅವಳು ಅಂಚು ಸಮ ಮಾಡುವಾಗ ಕತ್ತರಿಸಿ ಹೋಗಿದ್ದವು.

ಬೇರೆ ಯಾವ ಪುಸ್ತಕವಾಗಿದ್ದರೂ ಹೊಲಿಯುವ ಮುನ್ನ ಅವಳು ಒಂದು ಫಾರಮ್ಮಿನ ಕೊನೆಯ ಸಾಲು, ಮುಂದಿನದರ ಮೊದಲ ಸಾಲು ಓದಿ ಕೂಡಿಸಿ ನೋಡುತ್ತಿದ್ದಳು. ಅದು ಅವಳ ಇಪ್ಪತ್ತು ವರ್ಷದ ಪದ್ಧತಿ. ಓದಿದ್ದೇನೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದ ಈ ಒಂದು ಪುಸ್ತಕಕ್ಕೆ ಮಾತ್ರ, ಗೊತ್ತಿರುವುದೇ ತಾನೆ ಎಂಬಂತೆ, ಓದಿರಲಿಲ್ಲ. ತನ್ನ ಸುಳ್ಳನ್ನು ತಾನೇ ನಂಬಿದ್ದಳು.

ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ಅವಳು ತಂಗಿಯ ಮನೆಯಲ್ಲಿದ್ದಳು. ಸೀಳಿದ ಪುಸ್ತಕವನ್ನು ನಕ್ಷೆಗಳ ಮೇಜಿನ ಮೇಲಿಟ್ಟು ಎರಡು ಅಂಕಿಗಳನ್ನು ತೋರಿಸಿದಳು. ಪೀಠಿಕೆ ಹಾಕಲಿಲ್ಲ.

"ಗೋಜಲು ಮಾಡಿದ್ದು ನೀನಲ್ಲ. ನಾನು. ಫಾರಂ ಅದಲುಬದಲು ಹೊಲಿದಿದ್ದೀನಿ."

ತಂಗಿ ಬಗ್ಗಿ ನೋಡಿದಳು. ಅವಳ ಮನಸ್ಸು ಹಗುರಾದಂತೆ ಕಾಣಲಿಲ್ಲ.

"ಆದ್ರೆ ನಿನ್ನ ಪ್ರತಿ ಸರಿಯಿತ್ತಲ್ಲಕ್ಕ. ನಾನೇ ಕೊಟ್ಟಿದ್ದು. ಅದ್ರಲ್ಲಿ ಹೇಗೆ ಎದ್ದು ಬಂದ?"

"ಬರಲಿಲ್ಲ."

"ನೀನು ಓದೇ ಇರ್ಲಿಲ್ಲ."

"ಇಲ್ಲ. ಒಂದು ಪುಟಾನೂ ಓದಿರ್ಲಿಲ್ಲ. ನಿನ್ನೆ ಮಧ್ಯಾಹ್ನ ಮುಗಿಸಿದೆ."

ತಂಗಿ ಕಿಟಕಿಯ ಕಡೆ ತಿರುಗಿ ನಿಂತಳು. "ಓದಿದ್ರೆ ಮೊದಲ್ನೇ ದಿನಾನೇ ನನ್ನ ಹತ್ರ ಓಡಿ ಬರ್ತಿದ್ದೆ ನೀನು. ಅನುಮಾನ ಇತ್ತು ನನಗೆ, ಆದ್ರೂ ನಿನ್ನ ಮಾತು ನಂಬಿದೆ."

ಸಮಾಧಾನ ಹೇಳಿ ಜಾರಿಕೊಳ್ಳುವ ದಾರಿ ಅಕ್ಕನ ಮುಂದೆ ಇತ್ತು. ಅವಳು ಅದನ್ನು ಹಿಡಿಯಲಿಲ್ಲ.

"ಪೂರ್ತಿ ಕೇಳಿಬಿಡು. ಬೈದವರೆಲ್ಲ ನನ್ನಿಂದಲೇ ಬೈದಿದ್ದಲ್ಲ. ಡ್ರೈವರು ಓದಿದ್ದು ಸರಿಯಾದ ಪ್ರತಿ, ಅವನು ಹೇಳಿದ್ದೂ ಸರಿ. ಆ ಕುದುರೆ ಸವಾರಿ ಇನ್ನೂರು ಪುಟ ಜಾಸ್ತಿ ಆಯ್ತು. ನನಗೆ ನಿದ್ದೆ ಬಂತು. ಹಕ್ಕಿ ಮಾತಾಡಿದ್ದೇ ಮಾತಾಡುತ್ತೆ. ಆದ್ರೆ ಸೇನಾಪತಿ ತಾಯಿ ಇದ್ದಾಳಲ್ಲ..." ಅಕ್ಕ ೪೯ನೆಯ ಫಾರಮ್ಮಿನ ಮೇಲೆ ಕೈಯಿಟ್ಟಳು. "ಮಗನ ಹೆಣದ ಕಾಲಿನ ಕೆಸರು ತೊಳೀತಾ ಬೈತಾಳಲ್ಲ, 'ಮನೆಗೆ ಬರೋ ದಾರೀನ ಇಷ್ಟು ಉದ್ದ ಮಾಡ್ಕೊಂಡ್ಯಾ' ಅಂತ. ಅದು ನಮ್ಮಮ್ಮ. ಸ್ಕೂಲಿಂದ ಲೇಟಾಗಿ ಬಂದ್ರೆ ಬಚ್ಚಲಲ್ಲಿ ನಿಲ್ಲಿಸಿಕೊಂಡು ನಮಗೆ ಅಂತಿದ್ದ ಮಾತು. ಅಮ್ಮನ್ನ ನೀನು ಅಲ್ಲಿ ಇಟ್ಟಿದ್ದೀಯ ಅಂತ ಗೊತ್ತಿಲ್ದೆ, ಅವಳನ್ನೇ ತಪ್ಪು ಜಾಗಕ್ಕೆ ಹೊಲಿದುಬಿಟ್ಟೆ ಕಣೇ."

ತಂಗಿ ತಿರುಗಿದಳು. ಅವಳ ಮುಖ ಪೂರ್ತಿ ಒದ್ದೆಯಾಗಿತ್ತು.

"ಒಂದು ವರ್ಷದಿಂದ ಕಾಯ್ತಿದ್ದೆ ಅಕ್ಕ. ಡಾಕ್ಟರು ಹೊಗಳ್ಲಿ, ನರ್ಸು ತೆಗಳ್ಲಿ, ಅದನ್ನ ಹೇಗೋ ತಡ್ಕೊಳ್ತಿದ್ದೆ. ಆ ತಾಯಿ ಯಾರು ಅಂತ ಗುರುತು ಹಿಡಿಯೋಳು ಇಡೀ ಭೂಮಿ ಮೇಲೆ ನೀನೊಬ್ಬಳೇ. ನೀನು ಓದಿದೆ ಅಂದೆ, ಅಮ್ಮನ ಸುದ್ದಿಯೇ ಎತ್ತಲಿಲ್ಲ. ಮತ್ತೆ ಯಾರಿಗೆ ಬರೀಲಿ ಅನ್ನಿಸಿಬಿಡ್ತು."

ಬಾಗಿಲ ಗಂಟೆ ಹೊಡೆಯಿತು. ಪ್ರಕಾಶಕರು ಹತ್ತು ನಿಮಿಷ ಮುಂಚೆಯೇ ಬಂದಿದ್ದರು. ತಂಗಿ ಸೆರಗಿನಿಂದ ಮುಖ ಒರೆಸಿಕೊಂಡು, ನಕ್ಷೆಗಳ ನಡುವಿನಿಂದ ಒಂದು ಪೆನ್ಸಿಲು ಹುಡುಕಿ ಅಕ್ಕನ ಕೈಗೆ ಕೊಟ್ಟಳು.

"ಮೂರನೆಯದರಲ್ಲಿ ಅರ್ಧ ಬರೆದಿದ್ದೀನಿ, ಅಲ್ಲೂ ಕುದುರೆ ಇದೆ. ಆ ಕೆಳಗಿನ ಡ್ರಾಯರಲ್ಲಿದೆ, ತೆಗೆದುಕೋ. ನಿನಗೆ ಎಲ್ಲೆಲ್ಲಿ ನಿದ್ದೆ ಬರುತ್ತೋ ಅಲ್ಲೆಲ್ಲ ಗೀಟು ಹಾಕು," ಎಂದು ಹೇಳಿ ಅವಳು ಬಾಗಿಲು ತೆಗೆಯಲು ಹೋದಳು.