ಸಾರ್ಜೆಂಟ್ ಮೀನು ಸಾರು ಮಾಡಿದ ಭಾನುವಾರ

ಈ ಕಥೆ ಹೇಳುವುದಕ್ಕೆ ನಾನು ಡಾಕ್ಟರಲ್ಲ, ಯುದ್ಧ ಕಂಡವಳೂ ಅಲ್ಲ. ಒಂದು ಮಾತು ಹೆಚ್ಚುಕಡಿಮೆಯಾದರೆ ಯಾರದೋ ಮನೆಗೆ ತೊಂದರೆಯಾದೀತು ಎಂಬ ಅಳುಕು ಇದ್ದೇ ಇದೆ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಆದರೆ ನಮ್ಮ ಇಡೀ ಓಣಿ ಸೇರಿ, ಅದೂ ಪ್ರೀತಿಯಿಂದಲೇ, ಒಬ್ಬ ಮನುಷ್ಯನ ಕೈಯನ್ನು ಕಟ್ಟಿಹಾಕಿತ್ತು. ಅದನ್ನು ಹೇಳದೆ ಇರುವುದೂ ಸರಿಯಲ್ಲ ಅನ್ನಿಸಿತು.

ನಮ್ಮ ಓಣಿಯ ನೆನಿತಾಳ ಗಂಡ ಎವರಿಸ್ತೊ ಹದಿನೇಳು ವರ್ಷ ಸೈನ್ಯದಲ್ಲಿದ್ದವನು. ಸಾರ್ಜೆಂಟ್ ಆಗಿ ಮನೆಗೆ ಬಂದ. ಕೊನೆಯ ವರ್ಷ ದಕ್ಷಿಣದ ದ್ವೀಪದ ಪಟ್ಟಣವೊಂದರಲ್ಲಿ ಐದು ತಿಂಗಳು ಮನೆಯಿಂದ ಮನೆಗೆ ಕಾದಾಡಿದ. ತನ್ನ ಜೊತೆಯ ನಾಲ್ವರನ್ನು ಅಲ್ಲೇ ಕಳೆದುಕೊಂಡ. ಹಿಂದೆಲ್ಲ ಅವನು ರಜೆಗೆ ಬಂದನೆಂದರೆ ಗಿಂಬಾಲ್ ಪಟ್ಟಣದ ಕಡೆಯ ಈ ಓಣಿಯಲ್ಲಿ ಯಾರ ಮನೆಯ ನಾಮಕರಣವಾಗಲಿ, ಸಾವಾಗಲಿ, ದೊಡ್ಡ ಬಾಣಲೆ ಅವನ ಪಾಲಿಗೆ. ಇನ್ನೂರು ಜನಕ್ಕೆ ಅಡುಗೆ ಮಾಡಿಯೂ ಬೆವರು ಒರೆಸಿಕೊಂಡು ನಗುತ್ತಿದ್ದ.

ಯುದ್ಧ ಮುಗಿಸಿ ಬಂದವನು ನಗುತ್ತಿರಲಿಲ್ಲ. ಬಾಗಿಲಿಗೆ ಮುಖ ಮಾಡಿ, ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಒಂದು ದಿನ ಪಕ್ಕದ ಮನೆಯ ನಾಮಕರಣದಲ್ಲಿ ಹಾಡಲು ಬಾಡಿಗೆಗೆ ತಂದ ಕರಾವೋಕೆ ಯಂತ್ರದ ಮೈಕು ಕಿರ್ರೆಂದು ಕಿರುಚಿಕೊಂಡಿತು. ಎವರಿಸ್ತೊ ಪಕ್ಕದಲ್ಲಿದ್ದ ತಾಯಿ ಬಸಿಲಿಯಾಳನ್ನು ನೆಲಕ್ಕೆ ಎಳೆದು, ಗುಂಡಿನಿಂದ ಕಾಪಾಡುವವನಂತೆ ಅವಳ ಮೇಲೆ ಅಡ್ಡ ಬಿದ್ದ. ಮುದುಕಿಯ ಮುಂಗೈ ಮುರಿಯಿತು. ತಾನು ಮಾಡಿದ್ದೇನೆಂದು ಅವನಿಗೆ ಗೊತ್ತಾದದ್ದು ಆಮೇಲೆ.

ಅಂದಿನಿಂದ ಓಣಿ ಪಿಸುಮಾತಿಗೆ ಇಳಿಯಿತು. ಕರಾವೋಕೆ ನಿಂತಿತು. ಸಾವಿನ ಮನೆಯಲ್ಲಿ ಬಾಣಲೆ ಏರಿದಾಗ "ಪಾಪ, ಅವನಿಗ್ಯಾಕೆ ತೊಂದ್ರೆ" ಎಂದು ಯಾರೂ ಅವನನ್ನು ಕರೆಯಲಿಲ್ಲ. ಊಟದ ಬುಟ್ಟಿ ಮಾತ್ರ ಮನೆ ಬಾಗಿಲಿಗೆ ಬರುತ್ತಿತ್ತು. ಅತ್ತೆಯ ಮಾತಿನಂತೆ ನೆನಿತಾ ಚಾಕುಗಳನ್ನೆಲ್ಲ ಅಕ್ಕಿ ಡಬ್ಬದಲ್ಲಿ ಹೂತಿಟ್ಟಳು. ಬೆಳಿಗ್ಗೆ ಬ್ರಷ್ಷಿಗೆ ಪೇಸ್ಟ್ ಹಾಕಿ ಕೈಗೆ ಕೊಡುತ್ತಿದ್ದಳು. ಯಾವ ಅಂಗಿ ಎಂದು ಕೇಳಿದರೂ, ಅನ್ನವೋ ಗಂಜಿಯೋ ಎಂದು ಕೇಳಿದರೂ ಅವನದು ಒಂದೇ ಉತ್ತರ: "ನಿನ್ನಿಷ್ಟ."

ನಾಲ್ಕು ವರ್ಷ ಹೀಗೇ ಹೋಯಿತು. ಕೊನೆಗೆ ಊರಿನ ಆರೋಗ್ಯ ಕಾರ್ಯಕರ್ತೆ ಹಿಂದೆ ಬಿದ್ದು, ಇಲೊಯಿಲೊ ನಗರದ ಆಚೆ ಕಡಲ ಬದಿಯಲ್ಲಿರುವ ಮಾಜಿ ಸೈನಿಕರ ಚೇತರಿಕೆ ಮನೆಗೆ ಅವನನ್ನು ಸೇರಿಸಿದಳು. ಹನ್ನೆರಡು ವಾರ ಅಲ್ಲೇ ಇರಬೇಕು. ಮೊದಲ ನಾಲ್ಕು ವಾರ ಫೋನ್ ಮಾತ್ರ. ಐದನೇ ಭಾನುವಾರ ಮನೆಯವರು ಬರಬಹುದು.

ಆ ಭಾನುವಾರ ನೆನಿತಾ, ಬಸಿಲಿಯಾ ಇಬ್ಬರೂ ಊರಿನ ಬಾಡಿಗೆ ಜೀಪು, ಜೀಪ್ನಿ, ಹತ್ತಿದರು. ಮಡಿಲಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಅಕ್ಕಿ ಕಡುಬು. ನೆನಿತಾಳಿಗೆ ದಾರಿಯುದ್ದಕ್ಕೂ ಒಂದೇ ಯೋಚನೆ. ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೋ ಇಲ್ಲವೋ. ಔಷಧಿ ಕೊಟ್ಟು ಮಲಗಿಸಿಬಿಟ್ಟಿದ್ದಾರೋ.

"ಮೈ ಕೈ ತುಂಬ್ಕೊಂಡಿರ್ತಾನೆ ನೋಡು," ಎಂದಳು ಬಸಿಲಿಯಾ. "ಆಸ್ಪತ್ರೆ ಅಂದ್ಮೇಲೆ ವಿಶ್ರಾಂತಿ ತಾನೇ."

ಹೋಗಿ ನೋಡಿದರೆ ಅವನು ಹಾಸಿಗೆಯಲ್ಲಿರಲಿಲ್ಲ. ಹಿಂದಿನ ಅಡುಗೆಮನೆಯಲ್ಲಿದ್ದ. ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಚಾಕು ಹಿಡಿದು ಹೂಮೀನಿನ ಹುರುಪೆ ಕೆರೆಯುತ್ತಿದ್ದ. ಒಂದು ಬೆರಳಿಗೆ ಪಟ್ಟಿ ಸುತ್ತಿತ್ತು. ಎರಡು ಮಾರು ದೂರದಲ್ಲಿ ಒಬ್ಬ ಹೆಂಗಸು ಸ್ಟೂಲಿನ ಮೇಲೆ ಸುಮ್ಮನೆ ಕೂತು ನೋಡುತ್ತಿದ್ದಳು.

ಬಸಿಲಿಯಾಳಿಗೆ ಪಿತ್ತ ನೆತ್ತಿಗೇರಿತು. "ಇದೇನ್ರೀ ಇದು? ನನ್ನ ಮಗ ದೇಶಕ್ಕೆ ಮೈ ಸವೆಸಿ ಬಂದೋನು. ಅವನ ಕೈಲಿ ಮೀನು ಕೊಯ್ಯಿಸ್ತೀರಾ? ನೀವು ಕೂತ್ಕೊಂಡು ನೋಡ್ತೀರಾ? ನಿಮ್ಮಲ್ಲಿ ಅಡುಗೆಯೋರಿಗೆ ಬರ ಬಂದಿದ್ಯಾ?"

"ಅಮ್ಮ..." ಎಂದ ಎವರಿಸ್ತೊ.

"ನೀನು ಸುಮ್ನಿರು ಮಗಾ. ನೆನಿತಾ, ಇವನ ಬಟ್ಟೆ ಕಟ್ಟು. ನಾಲ್ಕು ಗಂಟೆ ಜೀಪ್ನಿಗೆ ಮೂರೂ ಜನ ಹೊರಡೋಣ."

ಆ ಹೆಂಗಸು ಎದ್ದು ಬಂದಳು. ಹೆಸರು ಮಾರಿಫೆ, ಅಲ್ಲಿಯ ಆಕ್ಯುಪೇಶನಲ್ ಥೆರಪಿಸ್ಟ್. ಮಾತ್ರೆ ಕೊಡುವವಳಲ್ಲ, ದಿನನಿತ್ಯದ ಕೆಲಸಗಳ ಮೂಲಕವೇ ಮನುಷ್ಯನನ್ನು ಬದುಕಿಗೆ ವಾಪಸು ತರುವವಳು.

"ಕರ್ಕೊಂಡು ಹೋಗೋದಾದ್ರೆ ತಡೆಯೋಕೆ ನಾನ್ಯಾರು ಅಮ್ಮ. ಸಾರ್ಜೆಂಟ್ ತಾವಾಗೇ ಸಹಿ ಹಾಕಿ ಸೇರಿದೋರು, ಅವರೇ ಹೋಗ್ಬಹುದು. ಆದ್ರೆ ಈ ಹಾಸಿಗೆಗೆ ಇನ್ನೊಬ್ರು ಕಾಯ್ತಿದ್ದಾರೆ. ಈಗ ಎದ್ದು ಹೋದ್ರೆ ಮತ್ತೆ ಇವರ ಸರದಿ ಯಾವಾಗ ಬರುತ್ತೋ ನನಗೂ ಗೊತ್ತಿಲ್ಲ. ಮೂರೂವರೆಗೆ ಮುಂಚೆ ಯೋಚನೆ ಮಾಡಿ ಹೇಳಿ."

ಆಗ ಗಂಟೆ ಒಂದೂವರೆ. ನೆನಿತಾ ಕಡುಬಿನ ಗಂಟನ್ನು ಮೇಜಿನ ಮೇಲಿಟ್ಟಳು. ಬಿಟ್ಟು ಹೋದರೆ ಇವನಿಗೇನಾದರೂ ಆದರೆ? ಕರೆದುಕೊಂಡು ಹೋಗಿ ಮತ್ತೆ ನಾಲ್ಕು ವರ್ಷ ಅದೇ ಕುರ್ಚಿ, ಅದೇ ಗೋಡೆ ಆದರೆ?

"ಮೇಡಂ, ಮನೇಲಿ ನಾವು ಚಾಕುನೇ ಬಚ್ಚಿಟ್ಟಿದ್ವಿ," ಎಂದಳು ಸಣ್ಣ ದನಿಯಲ್ಲಿ. "ಇಲ್ಲಿ ಕೈಗೇ ಕೊಟ್ಟಿದ್ದೀರಲ್ಲ."

"ಮೊದಲ ದಿನವೇ ಕೊಡ್ಲಿಲ್ಲ. ಡಾಕ್ಟರು ಮಾತಾಡಿಸಿ, ತೊಂದ್ರೆ ಇಲ್ಲ ಅಂದ್ಮೇಲೇ ಕೊಟ್ಟಿದ್ದು. ಎಣಿಸಿ ಕೊಡ್ತೀವಿ, ಎಣಿಸಿ ತಗೋತೀವಿ. ಮೊದಲ ವಾರ ಅಕ್ಕಿ ತೊಳೆದ್ರು, ಅಷ್ಟೇ. ಎರಡನೇ ವಾರ ಒಲೆ. ಗ್ಯಾಸ್ ಭಗ್ ಅನ್ನೋ ಸದ್ದಿಗೆ ಆರು ಸಲ ಹೊರಗೆ ಓಡಿದ್ರು, ಏಳನೇ ಸಲ ನಿಂತ್ರು."

"ಆರು ಸಲ ಓಡಿಸಿದ್ರಾ!" ಎಂದಳು ಬಸಿಲಿಯಾ.

"ಆರು ಸಲ ವಾಪಸ್ ಬಂದ್ರು ಅಮ್ಮ. ಅದನ್ನ ಎಣಿಸಿ."

ಮಾರಿಫೆ ಗೋಡೆಗೆ ಅಂಟಿಸಿದ್ದ ಚೀಟಿಯೊಂದನ್ನು ತೋರಿಸಿದಳು. "ಇಲ್ಲಿ ಏನು ಮಾಡೋಕೆ ಇಷ್ಟ ಅಂತ ಕೇಳ್ದಾಗ ಮೂರು ದಿನ ನಿಮ್ಮಿಷ್ಟ ಮೇಡಂ ಅಂದ್ರು. ನಾಲ್ಕನೇ ದಿನ ಇದನ್ನ ಬರ್ಕೊಟ್ರು."

ಎವರಿಸ್ತೊನ ಓರೆ ಅಕ್ಷರ. "ನೆನಿತಾ ಬಂದಾಗ ಮೀನು ಸಾರು ಮಾಡಿ ಬಡಿಸಬೇಕು."

ನೆನಿತಾ ಅದನ್ನು ಎರಡು ಸಲ ಓದಿದಳು. ಅವಳು ಏನಾದರೂ ಹೇಳುವ ಮೊದಲೇ ಅಡುಗೆಮನೆಯ ತಗಡಿನ ಸೂರಿನ ಮೇಲೆ ಧಡ್ ಎಂದು ಒಂದು ತೆಂಗಿನಕಾಯಿ ಬಿತ್ತು.

ಚಾಕು ನೆಲಕ್ಕೆ ಬಿತ್ತು. ಎವರಿಸ್ತೊ ಮೇಜಿನ ಕೆಳಗೆ, ಗೋಡೆಗೆ ಬೆನ್ನು ಒತ್ತಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟಿದ್ದ. ಕಣ್ಣು ಎಲ್ಲೋ ಇತ್ತು. ಒಲೆಯ ಮೇಲೆ ನೀರು ಕುದಿದು ಉಕ್ಕುತ್ತಿತ್ತು.

ಮಾರಿಫೆ ಚಾಕುವನ್ನು ಕಾಲಿನಿಂದ ದೂರ ಸರಿಸಿದಳು. ನೆನಿತಾ ಗಂಡನ ಕಡೆ ನುಗ್ಗಿದಳು. ಮಾರಿಫೆ ಅವಳ ರಟ್ಟೆ ಹಿಡಿದಳು.

"ತಡೀರಿ."

"ಬಿಡಿ ಮೇಡಂ, ಅವನು..."

"ತಡೀರಿ ನೆನಿತಾ. ಕಲಿತಿದ್ದನ್ನ ಮಾಡ್ತಿದ್ದಾರೆ. ನಾನಿಲ್ಲೇ ಇದ್ದೀನಿ. ಬೇಕಾದ್ರೆ ನಾನೇ ಹೋಗ್ತೀನಿ."

ಬಸಿಲಿಯಾ ತನ್ನ ಮುಂಗೈಯನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು. ನಾಲ್ಕು ವರ್ಷದಲ್ಲಿ ನೆನಿತಾಳಿಗೆ ಅಷ್ಟು ಉದ್ದದ ನಿಮಿಷ ಬಂದಿರಲಿಲ್ಲ. ಓಡಿ ಹೋಗಿ ತಬ್ಬಿಕೊಳ್ಳಬೇಕು, ಒಲೆ ಆರಿಸಬೇಕು, ಆ ತೆಂಗಿನಮರವನ್ನೇ ಕಡಿಸಿಹಾಕಬೇಕು ಅನ್ನಿಸಿತು. ಕಾಲು ಕಿತ್ತಿಡದೆ ನಿಂತಳು.

ಎವರಿಸ್ತೊ ಅಂಗಾಲನ್ನು ನೆಲಕ್ಕೆ ಒತ್ತುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ಕಿವಿಗೊಟ್ಟರೆ ಮಾತು ಕೇಳಿಸಿತು.

"ತೆಂಗಿನಕಾಯಿ. ತಗಡು. ಇವತ್ತು ಭಾನುವಾರ. ನಾನು ಅಡುಗೆಮನೇಲಿದ್ದೀನಿ. ತೆಂಗಿನಕಾಯಿ."

ಮತ್ತೆ ಅದನ್ನೇ ಹೇಳಿದ. ಆಮೇಲೆ ಮೇಜಿನ ಅಂಚು ಹಿಡಿದು ಎದ್ದ. ಮೊದಲು ಒಲೆಯ ಉರಿ ಸಣ್ಣದು ಮಾಡಿದ. ಕೈ ತೊಳೆದ. ಚಾಕು ಕೇಳಿ ಇಸಿದುಕೊಂಡು, ತೊಳೆದು, ಅರ್ಧ ಕೆರೆದಿದ್ದ ಮೀನನ್ನು ಮತ್ತೆ ಕೈಗೆತ್ತಿಕೊಂಡ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ನೋಡಿದ್ಯಾ," ಎಂದಳು ಬಸಿಲಿಯಾ. "ಇನ್ನೂ ವಾಸಿ ಆಗಿಲ್ಲ. ಮನೇಲಾದ್ರೆ ಇಂಥದ್ದು ಆಗೋದೇ ಇಲ್ಲ. ಓಣಿಯೋರು ಕೆಮ್ಮೋದನ್ನೂ ಬಿಟ್ಟಿದ್ದಾರೆ ಇವನಿಗೋಸ್ಕರ."

"ಎಷ್ಟು ವರ್ಷ ಕೆಮ್ಮದೇ ಇರ್ತಾರೆ ಅಮ್ಮ?" ಎಂದು ಕೇಳಿದಳು ಮಾರಿಫೆ.

ಬಸಿಲಿಯಾ ಸ್ಟೂಲು ಎಳೆದುಕೊಂಡು ಕೂತಳು.

"ಸದ್ದು ನಿಲ್ಲಿಸೋಕೆ ನಮ್ಮ ಕೈಲಾಗಲ್ಲ. ಸದ್ದಾದ್ಮೇಲೆ ವಾಪಸ್ ಬರೋದು ಹೇಗೆ ಅಂತ ಇಲ್ಲಿ ಅಭ್ಯಾಸ ಮಾಡಿಸ್ತೀವಿ. ಮೀನು ಸಾರಿಗೆ ಮೊದಲು ಏನು, ಆಮೇಲೆ ಏನು ಅಂತ ಯೋಚಿಸ್ಬೇಕು. ಉರಿ ನೋಡ್ಬೇಕು, ಹೊತ್ತು ನೋಡ್ಬೇಕು. ಮನಸ್ಸು ಆ ಪಟ್ಟಣಕ್ಕೆ ಓಡಿಹೋದ್ರೂ ಅದನ್ನ ಎಳ್ಕೊಂಡು ಬರೋಕೆ ಇಲ್ಲಿ ಒಂದು ಕೆಲಸ ಕಾಯ್ತಿರ್ಬೇಕು." ನೆನಿತಾಳ ಕಡೆ ತಿರುಗಿ ಕೇಳಿದಳು, "ಮನೇಲಿ ಬೆಳಿಗ್ಗೆಯಿಂದ ಸಂಜೆ ತನಕ ಅವರೇನು ಮಾಡ್ತಿದ್ರು?"

"ಏನೂ ಮಾಡೋಕೆ ಬಿಡ್ತಿರ್ಲಿಲ್ಲ ಮೇಡಂ. ನೀರು ನಾನೇ ಇಡ್ತಿದ್ದೆ. ಪೇಸ್ಟ್ ನಾನೇ. ಬಾಳೆಹಣ್ಣೂ ಸುಲಿದು..." ಹೆಮ್ಮೆಯಿಂದ ಶುರುವಾದ ಮಾತು ಅರ್ಧಕ್ಕೇ ನಿಂತಿತು.

"ನೀವು ತಪ್ಪು ಮಾಡಿದ್ರಿ ಅಂತಲ್ಲ," ಎಂದಳು ಮಾರಿಫೆ ಮೆಲ್ಲಗೆ. "ಹೆದರಿದೋರು ಎಲ್ರೂ ಹಾಗೇ ಮಾಡ್ತಾರೆ. ಆದ್ರೆ ಒಂದೊಂದೇ ಕೆಲಸ ಕೈಯಿಂದ ತಗೊಂಡ್ರೆ, ತಾನು ಯಾತಕ್ಕೂ ಬೇಡ ಅಂತ ಅವರಿಗೇ ಅನ್ಸಿಬಿಡುತ್ತೆ."

ಮೂರು ಗಂಟೆಯಾಯಿತು. ಬತ್ವಾನ್ ಎಂಬ ಹುಳಿಕಾಯಿ, ನಿಂಬೆಹುಲ್ಲಿನ ಘಮ ಅಡುಗೆಮನೆ ತುಂಬಿತ್ತು. ನೆನಿತಾ ಗಂಡನ ಪಕ್ಕ ಹೋಗಿ ನಿಂತಳು. ಅವನು ಏನು ಹೇಳುತ್ತಾನೋ ಎಂಬುದಕ್ಕಿಂತ, ಏನೂ ಹೇಳದೆ ಹೋದರೆ ಎಂಬ ಭಯವೇ ದೊಡ್ಡದಾಗಿತ್ತು.

"ಇಸ್ತೊ, ಮನೆಗೆ ಬರ್ತೀಯಾ? ಇಲ್ಲೇ ಇರ್ತೀಯಾ?"

"ನಿನ್ನಿ..." ಎಂದವನು ತಡೆದ. ಸೌಟಿನಿಂದ ಸಾರು ತಿರುವಿದ. ಮತ್ತೆ ತಿರುವಿದ. ನೆನಿತಾ ಉತ್ತರ ಹೇಳಿಕೊಡಲು ಹೊರಟ ನಾಲಿಗೆಯನ್ನು ಹಲ್ಲಿನಡಿ ಹಿಡಿದಳು.

"ಶನಿವಾರ ಅಭ್ಯಾಸಕ್ಕೆ ಅಂತ ಮಾರ್ಕೆಟ್ಟಿಗೆ ಹೋಗೋದಿದೆ," ಎಂದ ಕೊನೆಗೆ. "ಜನ ಇರೋ ಹೊತ್ತಲ್ಲಿ. ಮೀನಿನ ಸಾಲಿಗೆ. ಹೆದರಿಕೆ ಆಗ್ತಿದೆ, ನೆನಿತಾ. ಆದ್ರೂ ಇರ್ತೀನಿ. ಇರ್ಬೇಕು ಅನ್ಸುತ್ತೆ."

ನಾಲ್ಕು ವರ್ಷದಲ್ಲಿ ತನಗೆ ಏನನ್ನಿಸುತ್ತದೆ ಎಂದು ಅವನು ಹೇಳಿದ್ದು ಅದೇ ಮೊದಲು. ನೆನಿತಾ ತನ್ನ ಅಂಗಿಯ ತೋಳಿಗೇ ಕಣ್ಣು ಒರೆಸಿಕೊಂಡಳು.

ಅವನೇ ಬಡಿಸಿದ. ಬಸಿಲಿಯಾ ಒಂದು ಚಮಚ ಬಾಯಿಗಿಟ್ಟು ಮುಖ ಕಿವಿಚಿದಳು. ಮಗ ಬಂದಾಗಿನಿಂದ ಅವಳು ಅವನಿಗೆ ಎದುರು ಮಾತಾಡಿದವಳಲ್ಲ. ಎಲ್ಲದಕ್ಕೂ ಹೌದು ಕಂದ, ಸರಿ ಕಂದ.

"ಉಪ್ಪು ಜಾಸ್ತಿ," ಎಂದಳು.

ನೆನಿತಾಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು.

ಎವರಿಸ್ತೊ ತಾನೂ ರುಚಿ ನೋಡಿದ. "ಹೌದು, ಜಾಸ್ತಿನೇ," ಎಂದ. "ಕಡಲ ನೀರೇ ಹಾಕ್ದಂಗಾಗಿದೆ."

"ಸೈನ್ಯದಲ್ಲಿ ಇದನ್ನೇ ತಿನ್ನಿಸ್ತಿದ್ಯೇನೋ? ಅದಕ್ಕೇ ಶತ್ರುಗಳು ಓಡಿದ್ದು."

ಎವರಿಸ್ತೊನ ತುಟಿಯ ಒಂದು ಕೊನೆ ಮೇಲೆದ್ದಿತು. ಅದನ್ನು ನಗು ಅನ್ನಬಹುದೋ ಇಲ್ಲವೋ. ಬಸಿಲಿಯಾ ತಟ್ಟೆ ಮುಂದೆ ಚಾಚಿದಳು. "ಇನ್ನೊಂದು ಸೌಟು ಹಾಕು. ಮುಂದಿನ ಭಾನುವಾರ ಬರ್ತೀನಿ, ಸರಿಯಾಗಿ ಮಾಡಿಡು."

ನಾಲ್ಕು ಗಂಟೆಯ ಜೀಪ್ನಿಗೆ ಇಬ್ಬರೇ ಹತ್ತಿದರು. ಹೊರಡುವ ಮುಂಚೆ ಮಾರಿಫೆ ನೆನಿತಾಳಿಗೂ ಕೆಲಸ ಹಚ್ಚಿದಳು. ಅವನು ಮನೆಗೆ ಬಂದಾಗ ದಿನಕ್ಕೊಂದು ಕೆಲಸ ಅವನದೇ ಆಗಿರಲಿ, ನಿಧಾನವಾದರೂ ಕಿತ್ತುಕೊಳ್ಳಬೇಡಿ. ಪ್ರಶ್ನೆ ಕೇಳಿದರೆ ಉತ್ತರ ಬರುವ ತನಕ ಕಾಯಿರಿ. ಜೋರು ಸದ್ದಿನ ಸಮಾರಂಭವಿದ್ದರೆ ಹಿಂದಿನ ದಿನವೇ ತಿಳಿಸಿ, ಇರುವುದೋ ಎದ್ದು ಹೋಗುವುದೋ ಅವನೇ ತೀರ್ಮಾನಿಸಲಿ. ಓಣಿಯವರಿಗೂ ಹೇಳಿ, ಅವನನ್ನು ಕರೆಯಿರಿ. ಬರಲಾರೆ ಎಂದರೂ ಮುಂದಿನ ಸಲ ಮತ್ತೆ ಕರೆಯಿರಿ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಗೋಡೆಗೆ ಬೆನ್ನು ಕೊಟ್ಟು ಕೂತ ಮಾಜಿ ಸೈನಿಕರಿರಬಹುದು. ಎಲ್ಲರ ಕೈಗೂ ಚಾಕು ಕೊಡಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ಸಾಯುವ ಮಾತಾಡಿದರೆ, ನೋವು ಮಾಡಿಕೊಳ್ಳುವ ಸೂಚನೆ ಕಂಡರೆ ಅಪಾಯದ ವಸ್ತುಗಳನ್ನು ದೂರ ಇಟ್ಟು, ಒಬ್ಬರನ್ನೇ ಬಿಡದೆ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದವರ ವಿಷಯದಲ್ಲೂ ನೀವೇ ಊಹಿಸಬೇಡಿ. ಹತ್ತಿರದ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಕೇಳಿ, ಇಂಥ ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ವಿಚಾರಿಸಿ. ಅಲ್ಲಿಗೆ ಸೇರಿದವರು ಪಾತ್ರೆ ತೊಳೆಯುವುದು, ಗಿಡ ನೆಡುವುದು ಕಂಡರೆ ಅವಮಾನವೆಂದು ತಿಳಿದು ಅರ್ಧಕ್ಕೇ ಕರೆತರಬೇಡಿ. ಆ ಕೆಲಸವೇ ಅವರ ಮದ್ದು.

ಇದನ್ನು ಬರೆಯುವ ಹೊತ್ತಿಗೆ ಎವರಿಸ್ತೊನದು ಏಳನೇ ವಾರ. ಮೊದಲ ಶನಿವಾರ ಮಾರ್ಕೆಟ್ಟಿನ ಬಾಗಿಲಿಂದಲೇ ಹಿಂದಿರುಗಿದನಂತೆ. ಎರಡನೇ ಶನಿವಾರ ತರಕಾರಿ ಸಾಲಿನ ತನಕ ಹೋದನಂತೆ. ಮೀನಿನ ಸಾಲು ಮುಟ್ಟುತ್ತಾನೋ, ಮನೆಗೆ ಬಂದ ಮೇಲೆ ಕಲಿತದ್ದು ಉಳಿಯುತ್ತದೋ, ಆ ಐದು ತಿಂಗಳು ಅವನನ್ನು ಎಂದಾದರೂ ಪೂರ್ತಿ ಬಿಡುತ್ತವೋ, ನನಗೆ ಗೊತ್ತಿಲ್ಲ. ಮಾರಿಫೆಯನ್ನೂ ಕೇಳಿದೆ. ಅವಳಿಗೂ ಗೊತ್ತಿಲ್ಲವಂತೆ.