ನೀರಿಗೆ ಬಿಟ್ಟ ಮೀನು

ಅಪ್ಪ ಹಾಕಿಕೊಟ್ಟ ಕಟ್ಟಳೆ ಒಂದೇ: ಮೊಟ್ಟೆ ತುಂಬಿದ ಮೀನನ್ನೂ ಮಾರಲಾಗದ ಮೀನನ್ನೂ ಜೀವಂತವಾಗಿ ಕೆರೆಗೆ ಬಿಡಬೇಕು. ಅಪ್ಪ ಹೋದ ಮೇಲೂ ಅಣ್ಣ ಅದನ್ನು ಕೂದಲೆಳೆಯಷ್ಟೂ ಮೀರಲಿಲ್ಲ.

ನಾಲ್ಕು ವರ್ಷದ ಹಿಂದೆ ನಮ್ಮ ಬಲೆಗೆ ಗುರುತಿಲ್ಲದ ಮೀನೊಂದು ಬಿತ್ತು. ಮೈಯೆಲ್ಲ ಒರಟು ಚಿಪ್ಪು, ಬೆನ್ನಿಗೆ ಮುಳ್ಳು, ಬಾಯಿ ತಲೆಯಡಿಗೆ.

"ಲಾರಿ ಟೈರು ಈಜು ಕಲ್ತಂಗಿದೆ ಕಣೋ" ಅಂತ ಅಣ್ಣ ನಕ್ಕ.

ಬಲೆಯಿಂದ ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಕೊಳ್ಳುವವರಿಲ್ಲ. ನೀರಿಗೆ ಬಿಟ್ಟೆವು.

ಆಮೇಲೆ ವಾರಕ್ಕೊಂದು ಬಂತು, ದಿನಕ್ಕೊಂದು ಬಂತು. ಎಲ್ಲವನ್ನೂ ಬಿಟ್ಟೆವು. ಈ ವರ್ಷ ಬಲೆ ತುಂಬ ಅವೇ. ಗೆಂಡೆ ಮೀನು ಮೂರೋ ನಾಲ್ಕೋ, ಅವೂ ಮುದಿ. ಮರಿ ಒಂದೂ ಇಲ್ಲ. ಮರಿಯಿಲ್ಲದ ಕೆರೆ ಎಂದರೇನೆಂದು ಮೀನು ಹಿಡಿಯುವವನಿಗೆ ಬಿಡಿಸಿ ಹೇಳಬೇಕಿಲ್ಲ.

ನನ್ನ ಹೆಂಡತಿಯ ತಮ್ಮ ಪೇಟೆಯಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದಾನೆ. ಮೊನ್ನೆ ಅಲ್ಲಿಗೆ ಹೋದರೆ, ಗಾಜಿನ ತೊಟ್ಟಿಗೆ ಅಂಟಿಕೊಂಡು ಬೆರಳುದ್ದದ ಅದೇ ಮೀನು ಪಾಚಿ ನೆಕ್ಕುತ್ತಿತ್ತು. ನನಗೆ ಪಿತ್ತ ನೆತ್ತಿಗೇರಿತು. ಗಿರಾಕಿಗಳ ಎದುರೇ ಅವನನ್ನು ಜಾಡಿಸಿದೆ. ತೊಟ್ಟಿಗೆ ಮೀರಿ ಬೆಳೆದ ಒಂದು ಜೋಡಿಯನ್ನು ಕೊಲ್ಲಲು ಮನಸ್ಸಾಗದೆ ನಮ್ಮ ಕೆರೆಗೆ ಬಿಟ್ಟದ್ದು ನಿಜ ಎಂದು ಒಪ್ಪಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ:

"ನಾನು ಬಿಟ್ಟಿದ್ದು ಎರಡು, ಭಾವ. ನೀವಿಬ್ರು ಎಷ್ಟು ಬಿಟ್ರಿ?"

ಮನೆಗೆ ಬರುವ ದಾರಿಯುದ್ದಕ್ಕೂ ಎಣಿಸುತ್ತ ಬಂದೆ.

ಮಾರನೆಯ ಬೆಳಿಗ್ಗೆ, ಇನ್ನು ಒಂದನ್ನೂ ಬಿಡುವುದು ಬೇಡವೆಂದು ಅಣ್ಣನಿಗೆ ಹೇಳಿದೆ. ಅಪ್ಪನ ಮಾತು ಮುರಿಯಲು ನೀನ್ಯಾವ ದೊಡ್ಡ ಮನುಷ್ಯ ಎಂದು ಅವನು ಮುಖ ತಿರುಗಿಸಿದ. ನಾನು ಜಗಳಕ್ಕೆ ನಿಲ್ಲದೆ ದೋಣಿಯನ್ನು ಜೊಂಡಿನ ಕಡೆಗೆ ನೂಕಿದೆ. ಗೆಂಡೆ ಮೊಟ್ಟೆಯಿಡುವುದು ಅಲ್ಲೇ. ಮೊದಲೆಲ್ಲ ಈ ದಿನಗಳಲ್ಲಿ ಜೊಂಡಿನ ಬುಡಕ್ಕೆ ಮೊಟ್ಟೆಗಳು ಸಾಸಿವೆಯಂತೆ ಅಂಟಿರುತ್ತಿದ್ದವು. ಈಗ ಬುಡವೆಲ್ಲ ಉಜ್ಜಿ ತೊಳೆದಂತೆ ನುಣ್ಣಗಿತ್ತು. ನೀರಡಿ ಕಪ್ಪು ಬೆನ್ನುಗಳು ಒಂದಕ್ಕೊಂದು ತಾಗಿಕೊಂಡು ಮಲಗಿದ್ದವು.

ಒಂದನ್ನು ಎತ್ತಿ ಹೊಟ್ಟೆ ಸೀಳಿದೆ. ಕೆಸರು, ಪಾಚಿ, ಅದರ ನಡುವೆ ಗೆಂಡೆಯ ಮೊಟ್ಟೆ. ಅಣ್ಣ ಬೆರಳಿನಿಂದ ಕೆದಕಿದ.

"ಚೂರಿ ಕೊಡು" ಅಂದ.

ಮಧ್ಯಾಹ್ನದವರೆಗೂ ಹಿಡಿದು ಕೊಂದೆವು. ದಡದ ಮೇಲೆ ರಾಶಿ ಮೊಣಕಾಲುದ್ದ ಬೆಳೆಯಿತು. ಅಣ್ಣನ ಅಂಗೈ ಮುಳ್ಳು ತಾಗಿ ಸೀಳಿಹೋಗಿತ್ತು. ಅವನು ಕೈ ತೊಳೆಯಲೆಂದು ನೀರಿಗೆ ಬಗ್ಗಿದವನು ಹಾಗೇ ನಿಂತುಬಿಟ್ಟ. ನಾನೂ ಬಗ್ಗಿ ನೋಡಿದೆ.

ನಾವು ಖಾಲಿ ಮಾಡಿದ ಜೊಂಡಿನ ಬುಡಕ್ಕೆ, ಆಳದ ಕಡೆಯಿಂದ, ಬೇರೆ ಬೆನ್ನುಗಳು ಬಂದು ಮಲಗುತ್ತಿದ್ದವು.