ಹೆಗಲಿಗೆ ನೀರಿಲ್ಲ

ಭದ್ರಾವತಿ ಓಲ್ಡ್ ಟೌನಿನ ನಮ್ಮ ಕುಲುಮೆಗೆ ಶಿವಮೊಗ್ಗದಿಂದ ಸೌಂದರ್ಯ ಎಂಬವರು ಬಂದಿದ್ದರು. ಕಸುಬಿನ ಮಾತುಗಳ ಪುಸ್ತಕಕ್ಕಾಗಿ, ಯಾವ ಮಾತಿಗೆ ಏನರ್ಥ, ಅದು ಹೇಗೆ ಬಂತು ಎಂದು ಬರೆದುಕೊಳ್ಳುತ್ತಿದ್ದರು. ನನ್ನ ಅಜ್ಜ ಉಜ್ಜನಪ್ಪನಿಗೆ ಸುತ್ತಿಗೆ ಸದ್ದಿನಲ್ಲಿ ಕಿವಿ ಹೋಗಿದೆ. ಹಾಗಾಗಿ ಕೆಲವನ್ನು ನನ್ನನ್ನೇ ಕೇಳಿದರು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಓದಿದವರ ಎದುರು ಬಾಯಿ ಕಟ್ಟಿಹೋಗುತ್ತದೆ.

ಕತ್ತಿಯ ಅಲಗು ಹಿಡಿಯ ಹತ್ತಿರ ಸಣ್ಣದಾಗುವ ಜಾಗಕ್ಕೆ ಅಜ್ಜ ಹೆಗಲು ಅನ್ನುತ್ತಾನೆ. ಸೌಂದರ್ಯ ಒಂದು ಕತ್ತಿಯನ್ನು ತಮ್ಮ ಹೆಗಲ ಮೇಲಿಟ್ಟು, “ಹೀಗೆ ಹೊತ್ಕೊಂಡು ಹೋಗ್ತಾರಲ್ಲ, ಅದಕ್ಕೇನಾ ಈ ಹೆಸರು?” ಅಂದರು. ಹೌದೆಂದು ತಲೆ ಆಡಿಸಿದೆ. “ಕಾಯಿಸಿದ ಮೇಲೆ ಅಲ್ಲೀವರೆಗೂ ನೀರಿಗೆ ಅದ್ದುತ್ತೀರಾ?” ಅದಕ್ಕೂ ಆಡಿಸಿದೆ. ಬೇಗ ಮುಗಿದರೆ ಸಾಕಾಗಿತ್ತು.

ಮೊನ್ನೆ ಅವರು ಬರೆದ ಪುಟ ಫೋನಿಗೆ ಬಂತು. ಅಜ್ಜನ ಫೋಟೋ, ಕೆಳಗೆ ಹೆಸರು. ಅವನ ಕಿವಿಯ ಹತ್ತಿರ ಕೂತು ಜೋರಾಗಿ ಓದಿದೆ. ಅಲಗಿನ ಬಗ್ಗೆ ಓದುವಾಗ ನಗುತ್ತಿದ್ದ. ಹೆಗಲು ಬಂದಾಗ ನಗು ನಿಂತಿತು.

“ನಾನು ಹೀಗಂದ್ನಾ?”

“ಇಲ್ಲ ಅಜ್ಜ. ನಾನಂದಿದ್ದು.”

“ಸೊಂಟಕ್ಕೆ ಸಿಗಿಸ್ಕೊಳ್ಳೋ ಕತ್ತೀನ ಹೆಗಲ ಮೇಲೆ ಯಾವ ಬೆಪ್ಪ ಹೊರ್ತಾನೆ ಮಾರಾಯ್ತಿ? ಹೋಗ್ಲಿ ಬಿಡು. ಫೋಟೋ ಬಂತಲ್ಲ.”

ಆದರೆ ಆ ದಿನ ಅವನು ಮತ್ತೆ ಸುತ್ತಿಗೆ ಹಿಡಿಯಲಿಲ್ಲ. ಐವತ್ತು ವರ್ಷ ಕತ್ತಿ ಮಾಡಿದವನ ಹೆಸರಲ್ಲಿ, ಹೆಗಲವರೆಗೂ ನೀರಿಗದ್ದಿ ಕತ್ತಿ ಮುರಿಯುವ ದಾರಿ ಅಚ್ಚಾಗಲಿತ್ತು.

ಸೌಂದರ್ಯ ಅವರಿಗೆ ಫೋನ್ ಮಾಡಿದೆ. “ನಾಳೆ ಹನ್ನೊಂದಕ್ಕೆ ಪ್ರಿಂಟ್ ಶುರು ವೇದಾ. ಇನ್ನೇನಿದ್ರೂ ಪುಸ್ತಕದ ಸಂಪಾದಕರು, ನಮ್ಮ ಮೇಷ್ಟ್ರು ಶಿವಪ್ರಸಾದ್ ಒಪ್ಪಬೇಕು. ಆಲ್ಕೊಳ ಸರ್ಕಲ್ ಹತ್ತಿರದ ಪ್ರೆಸ್ಸಲ್ಲಿ ಇರ್ತಾರೆ” ಅಂದರು.

ಬೆಳಿಗ್ಗೆ ಕುಲುಮೆಯ ಗೋಡೆಯಿಂದ ಒಂದು ಮುರಿದ ಕತ್ತಿ ಇಳಿಸಿ, ಎರಡೂ ತುಂಡುಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ.

“ಏನಮ್ಮ ಅದು?” ಅಂದ ಕಂಡಕ್ಟರ್.

“ಮುರಿದ ಕತ್ತಿ.”

“ಮುರಿದ್ರೂ ಬಾಯಿ ಇರುತ್ತಲ್ಲ. ಸೀಟಿನ ಕೆಳಗಿಡು ತಾಯಿ, ನಮ್ಮನೆಯವಳಿಗೆ ನಾನೊಬ್ಬನೇ.”

ಪ್ರೆಸ್ಸಿನಲ್ಲಿ ಶಿವಪ್ರಸಾದ್ ನಾನು ಹೇಳಿದ್ದನ್ನು ಕೇಳಿ ಕನ್ನಡಕ ತೆಗೆದರು. “ಅವತ್ತು ಹೌದು ಅಂದವಳು ನೀನೇ ತಾನೆ?”

“ಹೌದು ಸರ್. ಗೊತ್ತಿದ್ದೂ ಅಂದೆ. ಮಾತಾಡಕ್ಕೆ ಹೆದರಿಕೆ ಆಯ್ತು.”

“ಹೆಗಲ ಮೇಲೆ ಹೊರೋದು ಅಂದ್ರೆ ಓದೋಕೂ ಚೆನ್ನಾಗಿದೆಯಲ್ಲಮ್ಮ.”

“ಚೆನ್ನಾಗಿದೆ ಸರ್. ನಿಜ ಅಲ್ಲ.”

ಗೋಣಿ ಬಿಚ್ಚಿ ತುಂಡುಗಳನ್ನು ಮೇಜಿನ ಮೇಲಿಟ್ಟೆ. “ಇದು ನಾನು ಮಾಡಿದ ಮೊದಲನೇ ಕತ್ತಿ. ಹೆಗಲಿಗೂ ನೀರು ಕುಡಿಸಿಬಿಟ್ಟೆ. ಮೊದಲನೇ ಏಟಿಗೇ ಇಲ್ಲಿ ಮುರೀತು. ಅಲಗು ನೀರು ಕುಡಿದು ಗಟ್ಟಿಯಾಗಬೇಕು, ಹರಿತ ನಿಲ್ಲುತ್ತೆ. ಹೆಗಲು ಕುಡೀಬಾರ್ದು. ಪ್ರತಿ ಏಟಿನ ಭಾರ ಹೊರೋದು ಅದೇ, ಒಂಚೂರು ಮೆತ್ತಗಿರಬೇಕು. ಭಾರ ಹೊರುತ್ತೆ ಅಂತಾನೇ ನಮ್ಮಜ್ಜ ಅದನ್ನ ಹೆಗಲು ಅನ್ನೋದು.”

ಅವರು ಮುರಿದ ಜಾಗವನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಮೆಷಿನ್ ನೋಡಿಕೊಳ್ಳುವ ಮಲ್ಲೇಶ್ ಗಡಿಯಾರ ನೋಡಿದ. “ಸಾರ್, ಅಚ್ಚಿನ ಪ್ಲೇಟ್ ಆಗಿಹೋಗಿದೆ.”

“ತಿದ್ದಕ್ಕೆ ಆಗಲ್ಲ ಅಂದ್ರೆ ಅಜ್ಜನ ಹೆಸರೂ ಫೋಟೋನೂ ತೆಗೆದುಬಿಡಿ ಸರ್” ಅಂದೆ. “ತೆಗೆಯೋವರೆಗೂ ನಾನಿಲ್ಲೇ ಇರ್ತೀನಿ.”

ಅವರು ನನ್ನನ್ನೂ ತುಂಡನ್ನೂ ನೋಡಿದರು. ಆಮೇಲೆ, “ಆ ಒಂದು ಪ್ಲೇಟ್ ಬೇರೆ ಮಾಡಪ್ಪ ಮಲ್ಲೇಶ್” ಎಂದು ಕಂಪ್ಯೂಟರಿನ ಪಕ್ಕ ನನಗೊಂದು ಕುರ್ಚಿ ಎಳೆದರು. “ಹೇಳ್ತಾ ಹೋಗು.”

ಹೇಳಿದೆ. ‘ನೀರಿನಲ್ಲಿ ಮುಳುಗಿಸಬಾರದು’ ಎಂದು ಅವರು ಟೈಪ್ ಮಾಡಿದರು.

“ಕುಡಿಸಬಾರದು ಅಂತ ಹಾಕಿ ಸರ್. ಮುಳುಗಿಸೋದು ಅಂತ ನಾವು ಅನ್ನಲ್ಲ.”

ತಿದ್ದಿದರು. ಹೊಸ ಪುಟದ ಹಾಳೆ ಕೈಗೆ ಬಂದಾಗ ಇನ್ನೂ ಬಿಸಿ ಇತ್ತು. ಮನಸ್ಸಿನಲ್ಲೇ ಎರಡು ಸಲ ಓದಿದೆ. ಮನೆಗೆ ಹೋಗಿ ಅಜ್ಜನಿಗೆ ಕೇಳಿಸುವ ಹಾಗೆ ಓದಬೇಕಲ್ಲ, ಈಗಲೇ ಎದ್ದು ನಿಂತು ಮೂರನೇ ಸಲ ಜೋರಾಗಿ ಓದಿದೆ. ಒಳಗಿನ ಕೋಣೆಯಲ್ಲಿ ಪುಸ್ತಕ ಹೊಲಿಯುತ್ತಿದ್ದ ಹೆಂಗಸರು ಯಾರಿದು ಎಂದು ಬಾಗಿಲಿಗೆ ಬಂದರು. ನಾನು ಓದುವುದನ್ನು ನಿಲ್ಲಿಸಲಿಲ್ಲ.